ಅಜ್ಜಿಯ ಬಲಗೈ ಹೆಬ್ಬೆರಳು

ನವೆಂಬರ್ 19, ಬುಧವಾರ

ಪಕ್ಕದ ಮನೆಯ ಶೈಲೇಶಣ್ಣನ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. "ಇನ್ನು ಇವರು ಮೀನು ಮಾರ್ಕೆಟಿನಲ್ಲಿ ಕೂತ ಹಾಗೆಯೇ!" ಅದೂ ಅಜ್ಜಿಯ ಎದುರಿಗೇ. ಶುಗರ್ ಮುನ್ನೂರೈವತ್ತಕ್ಕೆ ಏರಿ, ಸ್ಟ್ರೋಕ್ ಆಗಿ ಏಳು ವಾರ. ಶುಗರ್ ಇಳಿದಿದೆ, ಬಲಗೈ ಮಾತ್ರ ಮಡಿಲಲ್ಲಿ ಬಿದ್ದೇ ಇದೆ. ಕಿವಿ ಚೆನ್ನಾಗಿಯೇ ಕೇಳುತ್ತದೆ.

ವ್ಯಾಯಾಮಕ್ಕೆ ಕೊಟ್ಟ ರಬ್ಬರ್ ಚೆಂಡನ್ನು ಅಜ್ಜಿ ಮುಟ್ಟುವುದಿಲ್ಲ. "ನಾನೆಂತ ಸಣ್ಣ ಮಗುವಾ?" ಆದಕಾರಣ ಘನತೆವೆತ್ತ ಮೊಮ್ಮಗನಾದ ನಾನು ಇಂದು ಸಂಜೆ ಒಂದು ಮಹಾಪಾತಕ ಎಸಗಿದೆ. ತೊಕ್ಕೊಟ್ಟಿನ ಮಾರ್ಕೆಟಿನಲ್ಲಿ ನಲವತ್ತು ವರ್ಷ ಮೀನು ಮಾರಿದವಳ ಮುಂದೆ ಎರಡು ದಿನದ ಹಳೆಯ ಬಂಗುಡೆ ಇಟ್ಟು, "ಈಗಷ್ಟೇ ದೋಣಿಯಿಂದ ಇಳಿದದ್ದು" ಎಂದು ಘೋಷಿಸಿದೆ. ಎಡಗೈಗೆ ಎಟುಕದಂತೆ ತಟ್ಟೆಯನ್ನು ಬಲಕ್ಕೆ ಸರಿಸಿದ್ದೆ.

ಅಜ್ಜಿ ನನ್ನನ್ನು ನೋಡಿದಳು, ಮೀನನ್ನು ನೋಡಿದಳು. ಬಲಗೈ ಮಡಿಲಿನಿಂದ ತೆವಳಿಕೊಂಡು ಹೊರಟಿತು. ಎರಡು ಸಲ ಜಾರಿತು. ಮೂರನೆಯ ಸಲ ಹೆಬ್ಬೆರಳು ಬಂಗುಡೆಯ ಕಿವಿರನ್ನು ಎತ್ತಿಯೇ ಬಿಟ್ಟಿತು. ಒಳಗೆ ತಾಜಾ ಮೀನಿನ ಕೆಂಪಿರಲಿಲ್ಲ, ಕಂದು.

"ಮೊನ್ನೆಯದ್ದು ಮಾರಾಯ! ಯಾರು ಇದನ್ನು ನಿನ್ನ ತಲೆಗೆ ಕಟ್ಟಿದ್ದು?" ನಾಲಿಗೆ ತೊದಲಿತು, ಸಿಟ್ಟು ತೊದಲಲಿಲ್ಲ.

"ನನಗೆ ಗೊತ್ತಾಗಲಿಲ್ಲ ಅಜ್ಜಿ," ಎಂದು ಅಮಾಯಕನಾಗಿ ನಿಂತೆ.

ಮಾತ್ರೆ ನುಂಗಿ ಮಲಗುವ ಮುಂಚೆ ನನ್ನನ್ನು ಹತ್ತಿರ ಕರೆದಳು.

"ನಾಳೆಯೂ ಹಳತೇ ತಾ. ಬೂತಾಯಿ ತಾ, ಅದರ ಕಿವಿರು ಇನ್ನೂ ಸಣ್ಣದುಂಟು. ಆ ಶೈಲೇಶನನ್ನೂ ಕರಿ, ಕೂತು ನೋಡಲಿ."