ಬಾಣಂತಿಗೆ ತಂದ ಟ್ಯಾಬ್ಲೆಟ್

ಲಕ್ಷ್ಮೇಶ್ವರ
ಶುಕ್ರವಾರ, ೧೨ ಸೆಪ್ಟೆಂಬರ್ ೨೦೨೫

ಚಿ. ಸೌ. ಸುಶ್ಮಿತಾಳಿಗೂ ಅವಳ ಮಡಿಲಲ್ಲಿರುವ ನನ್ನ ಮೊಮ್ಮಗಳಿಗೂ ಅತ್ತೆ ಸುಮಿತ್ರವ್ವನ ತುಂಬು ಮನಸ್ಸಿನ ಆಶೀರ್ವಾದಗಳು.

ಮೊದಲೇ ಹೇಳಿಬಿಡುತ್ತೇನೆ, ನಿನಗೆ ಯಾವ ರೋಗವೂ ಇಲ್ಲ. ಇಷ್ಟನ್ನು ನಿಮ್ಮಪ್ಪನವರಿಗೂ ಓದಿ ಹೇಳು, ಪಾಪ. ಬುಧವಾರ ಮುಂಜಾನೆ ನಾನು ಚೀಲ ಹಿಡಿದು ಹೊರಟಾಗ ನಿಮ್ಮ ಮಾವನವರು ಎಲ್ಲಿಗೆ ಎಂದು ಕೇಳಿದರು. "ಸುಶ್ಮಿತಾಗ ಟ್ಯಾಬ್ಲೆಟ್ ತರಾಕ ಗದಗಕ್ಕ ಹೊಂಟೀನ್ರಿ" ಎಂದಷ್ಟೇ ಹೇಳಿ ಬಸ್ಸಿಗೆ ಓಡಿದೆ. ನಾನು ಬಸ್ಸು ಹತ್ತುವುದರೊಳಗೆ ಅವರು ನಿನ್ನ ತವರು ಸೊರಟೂರಿಗೆ ಫೋನು ಹಚ್ಚಿ, "ಬಾಣಂತಿಗೆ ಏನಾಗೇತ್ರಿ? ನಮಗ್ಯಾಕ ಖಬರ ಕೊಡಲಿಲ್ಲ?" ಎಂದು ಬೀಗರ ಮೇಲೆ ಹರಿಹಾಯ್ದರಂತೆ. ಬೀಗರು, ಮಗಳು ನಮಗೆ ಹೇಳದ್ದನ್ನು ಅತ್ತೆಗೆ ಹೇಳಿಕೊಂಡಿದ್ದಾಳೆ ಎಂದು ಗಾಬರಿಯಾಗಿ ಡಾಕ್ಟರನ್ನೇ ಮನೆಗೆ ಕರೆತಂದರಂತೆ. ಡಾಕ್ಟರು ನಿನ್ನ ನಾಲಿಗೆ ನೋಡಿ, ನಾಡಿ ಹಿಡಿದು, "ಆರಾಮ ಅದಾಳ್ರಿ" ಎಂದು ಚಹಾ ಕುಡಿದು ಹೋದರೆಂದು ನಿನ್ನ ಗಂಡ ವೀರು ಹೇಳಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಮ್ಮ ಮಾವನವರು ಅಂದಿನಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಇದು ನುಂಗುವ ಟ್ಯಾಬ್ಲೆಟ್ ಅಲ್ಲ, ಚಿತ್ರ ಬಿಡಿಸುವುದು. ಭಾನುವಾರ ನಿನ್ನ ಗಂಡ ತರುವ ಚೀಲದಲ್ಲಿ ಮೇಲೆ ಅಂಟಿನುಂಡಿ ಇವೆ, ಕೆಳಗೆ ಅದು ಇದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕಿ ಎಲ್ಲರೂ ಸುತ್ತ ಕೂರುತ್ತೀರಿ. ನನಗೆ ನಿನ್ನೊಬ್ಬಳ ಜೊತೆ ಮಾತಾಡಬೇಕಿತ್ತು.

ನೀನು ವೀರುವಿಗೆ ಹೇಳಿದ ಮಾತು ನನಗೂ ಗೊತ್ತಾಯಿತು. ಗದಗಿನ ಅಮೀರಾ ತರುತ್ತಿರುವ ಮಕ್ಕಳ ಪುಸ್ತಕಕ್ಕೆ ಚಿತ್ರ ಬಿಡಿಸಿಕೊಡುತ್ತೇನೆ ಎಂದು ಒಪ್ಪಿಕೊಂಡು ಎಷ್ಟು ಕುಣಿದಾಡಿದ್ದೆ ನೀನು! ಈಗ "ಕೂಸಿನ ಕೂಡ ಆಗಂಗಿಲ್ಲ, ಬ್ಯಾರೆಯವರ ಕಡೆ ಮಾಡಸ್ರಿ ಅಂತ ಅಮೀರಾಗ ನೀವ ಹೇಳ್ರಿ" ಎಂದೆಯಂತೆ. ನಿನಗೇ ಹೇಳಲು ಬಾಯಿ ಬರಲಿಲ್ಲ, ಅವನಿಗೂ ಬರಲಿಲ್ಲ. ಫೋನು ಹಿಡಿದುಕೊಂಡು ಅಂಗಳದಲ್ಲಿ ತಿರುಗಾಡುತ್ತಿದ್ದ. ಬಿಡು, ನಾನೇ ಹೋಗಿ ಹೇಳಿ ಬರುತ್ತೇನೆ ಎಂದು ಹೊರಟೆ. ಹಾಗೆ ಹೋದವಳು ಇದನ್ನು ಯಾಕೆ ತಂದೆ ಎಂದು ಕೇಳಬೇಡ. ಪುಸ್ತಕ ಬೇಡವೆಂದ ಮಾತ್ರಕ್ಕೆ ಚಿತ್ರವೂ ಬೇಡವಾಗುತ್ತದೆಯೇ?

ಅಂಗಡಿಯಲ್ಲಿ ಮಾಸುಮಬಿ ಎಂಬ ಹುಡುಗಿ ಇದ್ದಳು, ಬಹಳ ತಾಳ್ಮೆಯವಳು. ಮೊದಲು ಒಂದು ಕಪ್ಪು ಹಲಗೆ ತೋರಿಸಿದಳು. ಅದರ ಮೇಲೆ ಏನೂ ಕಾಣುವುದಿಲ್ಲ. ಪೆನ್ನು ಕೆಳಗೆ ಓಡಬೇಕು, ಗೆರೆ ಎದುರಿನ ಕಂಪ್ಯೂಟರಿನಲ್ಲಿ ಮೂಡುತ್ತದೆ. ಹೊಸಬರಿಗೆ ಕಷ್ಟ ಎಂದಳು. ನನಗೆಂಥ ಕಷ್ಟ? ಟೀವಿಯಲ್ಲಿ ಧಾರಾವಾಹಿ ನೋಡುತ್ತ ಬತ್ತಿ ಹೊಸೆಯುವ ಕೈ ಇದು. ಒಂದೇ ಸಲಕ್ಕೆ ರೊಟ್ಟಿಯಷ್ಟು ದುಂಡಗೆ ಗೆರೆ ಎಳೆದೆ. "ಅವ್ವಾರ, ನಿಮಗ ಇದ ಛಲೋ ಐತಿ ನೋಡ್ರಿ" ಎಂದಳು. ನನಗೆ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಅವಳು, ಬಿಡಿಸುವವರು ಬಲಗೈಯವರೋ ಎಡಗೈಯವರೋ ಎಂದು ಕೇಳಿದಳು. "ಬಲಗೈ. ಆದ್ರ ಕೂಸು ಯಾವ ಕಡೆ ಇರತೈತಿ ಅಂತನೂ ಕೇಳಬೇಕವ್ವಾ" ಎಂದೆ. ಪಾಪ, ಮದುವೆಯಾಗದ ಹುಡುಗಿ, ಸುಮ್ಮನೆ ನಕ್ಕಳು. ನಾನು ಅಲ್ಲೇ ಕುರ್ಚಿಯ ಮೇಲೆ ಕೂತು ನನ್ನ ಚೀಲವನ್ನು ಕೂಸಿನ ಹಾಗೆ ಎಡತೊಡೆಯ ಮೇಲೆ ಮಲಗಿಸಿಕೊಂಡೆ. ಅಂಗಡಿಗೆ ಬಂದವರೆಲ್ಲ ನೋಡುತ್ತಿದ್ದರು, ನೋಡಲಿ ಬಿಡು. ಕಪ್ಪು ಹಲಗೆ ಹಿಡಿದು ಕಂಪ್ಯೂಟರ್ ನೋಡುವಷ್ಟರಲ್ಲಿ ಚೀಲ ಜಾರಿ, ನಿಮ್ಮ ಮಾವನವರಿಗೆಂದು ಕೊಂಡಿದ್ದ ಪೇರಲ ಹಣ್ಣು ಅಂಗಡಿ ತುಂಬ ಉರುಳಿದವು. ಕಣ್ಣು ಮೇಲಿದ್ದರೆ ಕೂಸಿನ ಗತಿ ಇಷ್ಟೇ ಎಂದು ಅದನ್ನು ಬಿಟ್ಟೆ. ಎರಡನೆಯದಕ್ಕೆ ಗಾಜಿನ ಪರದೆ ಇತ್ತು, ಗೆರೆ ಅದರ ಮೇಲೇ ಮೂಡುತ್ತಿತ್ತು. ಆದರೆ ಅದನ್ನೂ ಕಂಪ್ಯೂಟರಿಗೆ ಕಟ್ಟಿಹಾಕಬೇಕು, ವೈರು ಬೇರೆ. ಚೀಲದ ಹಿಡಿಕೆಯೇ ವೈರಿಗೆ ಸಿಕ್ಕಿಕೊಂಡಿತು, ಇನ್ನು ನಮ್ಮ ಮೊಮ್ಮಗಳು ಬಿಟ್ಟಾಳೆಯೇ?

ನಾನು ತಂದಿರುವ ಮೂರನೆಯದಕ್ಕೆ ಕಂಪ್ಯೂಟರಿನ ಹಂಗೂ ಇಲ್ಲ, ವೈರಿನ ಹಂಗೂ ಇಲ್ಲ. ಶಾಲೆಯ ಪಾಟಿಯ ಹಾಗೆ ತೊಡೆಯ ಪಕ್ಕ ಇಟ್ಟುಕೊಂಡರೆ ಕೂಸೂ ಚಿತ್ರವೂ ಒಂದೇ ನೋಟಕ್ಕೆ ಸಿಗುತ್ತವೆ. ಅಂಗೈ ಊರಿದರೆ ಕಲೆ ಬೀಳುವುದಿಲ್ಲ, ಒತ್ತಿದಷ್ಟೂ ಗೆರೆ ದಪ್ಪವಾಗುತ್ತದೆ. ಗಾಜಿನ ಮೇಲೆ ಪೆನ್ನು ಜಾರುತ್ತದೆ ಎಂದು ಕಾಗದದಂತೆ ಒರಟಾಗಿರುವ ಒಂದು ಹಾಳೆಯನ್ನು ಮಾಸುಮಬಿಯಿಂದ ಅಂಟಿಸಿಕೊಂಡು ಬಂದಿದ್ದೇನೆ. ಪೆನ್ನಿನ ಬಿಡಿ ಮೊನೆಗಳು ಪುಟ್ಟ ಡಬ್ಬಿಯಲ್ಲಿವೆ, ಕೂಸಿನ ಬಾಯಿಗೆ ಹೋಗದಂತೆ ಮೇಲೆ ಇಡು.

ಅಮೀರಾಳ ಮನೆಗೂ ಹೋದೆ. ಸಿಟ್ಟಾಗಲಿಲ್ಲ, ಚಹಾ ಕೊಟ್ಟಳು, ಕೂಸಿನ ಫೋಟೋ ನೋಡಿ ದೃಷ್ಟಿ ತೆಗೆದಳು. ಎಲ್ಲ ಮಾತಾಡಿ ಸಂಜೆಯ ಬಸ್ಸಿಗೆ ಬಂದೆ.

ಇನ್ನೊಂದು ಹೇಳಬೇಕು. ಮದುವೆಯಾದ ಹೊಸತರಲ್ಲಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನನ್ನ ಚಿತ್ರ ಬಿಡಿಸಿದೆಯಲ್ಲ, ಅಂದು ಎಷ್ಟೋ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದೆ. ಈ ಮನೆಗೆ ಬಂದಮೇಲೆ ನನ್ನನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲವ್ವಾ. ನನಗೆ ನಾಚಿಕೆಯಾಗಿ ಬೈದೆ, ಆದರೆ ಎದ್ದು ಹೋಗಲಿಲ್ಲ. ಅಂಥ ಕಣ್ಣು ಬರೀ ಹಾಲು ಉಕ್ಕುವುದನ್ನು ಕಾಯುವುದಕ್ಕೇ ಮುಗಿದುಹೋಗಬಾರದು.

ತವರಿನಲ್ಲಿ ಐದು ತಿಂಗಳು ತುಂಬುವ ತನಕ ಇರು, ನಾನು ಅವಸರ ಮಾಡುವುದಿಲ್ಲ. ಬಂದಮೇಲೆ ಮುಂಜಾನೆಯ ಹೊತ್ತು ಕೂಸು ನನ್ನದು, ಪೆನ್ನು ನಿನ್ನದು. ಕಿವಿಗೆ ಬಟ್ಟೆ ಕಟ್ಟಿಕೋ, ತಣ್ಣೀರು ಮುಟ್ಟಬೇಡ.

ನಿನ್ನ ಅತ್ತೆ,
ಸುಮಿತ್ರವ್ವ

ತಾ.ಕ.: ಅಮೀರಾಳ ಜೊತೆ ಎಲ್ಲ ಮಾತಾಡಿದೆ ಎಂದೆನಲ್ಲ, ಹೇಳಲು ಹೋದ ಆ ಒಂದು ಮಾತನ್ನು ಬಿಟ್ಟು. ನೀನು ಕಳಿಸಿದ "ಬ್ಯಾಡ" ನನ್ನ ಬಾಯಿಂದ ಹೊರಡಲಿಲ್ಲ. ಅದು ಇನ್ನೂ ನನ್ನ ಹತ್ತಿರವೇ ಇದೆ. ಚಿತ್ರಗಳು ನೀನು ಮರಳಿ ಬಂದಮೇಲೆ ಸಿಕ್ಕರೂ ನಡೆದೀತು ಎಂದಳು ಅಮೀರಾ. ಈಗಲೂ ಬೇಡವೆಂದೇ ಆದರೆ ವೀರುವಿನ ಕೈಯಲ್ಲಿ ಒಂದು ಸಾಲು ಬರೆದು ಕಳಿಸು, ಸೋಮವಾರ ಹೋಗಿ ಹೇಳಿ ಬರುತ್ತೇನೆ. ಏನೂ ಬರೆಯದಿದ್ದರೆ ನಾನು ಮನೆಯಲ್ಲೇ ಇರುತ್ತೇನೆ.