ವಾಹಕ ಎಂದರೆ ರೋಗಿಯಲ್ಲ

ಫರಂಗಿಪೇಟೆ
9-11-2024, ಶನಿವಾರ

ಪ್ರೀತಿಯ ಉಪ್ಪಾ,

ಅಸ್ಸಲಾಮು ಅಲೈಕುಂ. ನಿಮ್ಮ ಮಂಡಿನೋವು ಹೇಗುಂಟು? ದಮ್ಮಾಮಿನಲ್ಲಿ ಸೆಕೆ ಕಡಿಮೆಯಾಗಿರಬಹುದು. ಆದರೂ ಎಸಿಯ ಗಾಳಿ ಕಾಲಿಗೆ ಬೀಳದ ಹಾಗೆ ಮಲಗಿ. ಫೋನಿನಲ್ಲಿ ಹೇಳಿದರೆ ನೀವು ಅರ್ಧದಲ್ಲೇ "ಆಯ್ತು, ಉಮ್ಮನಿಗೆ ಕೊಡು" ಅನ್ನುತ್ತೀರಿ. ಅದಕ್ಕೇ ಬರೆದು, ನಾಳೆ ಅಲ್ಲಿಗೆ ಹೊರಡುವ ಅಬ್ದುಲ್ ನಾಸಿರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ತಂಗಿ ಸಜ್ನಾಳ ಮದುವೆ ಮುರಿಯಿತು ಎಂದು ಉಮ್ಮ ಅತ್ತು ಹೇಳಿದ್ದು ಎರಡು ವಾರದ ಹಿಂದೆ. ಮುರಿಯಲಿಲ್ಲ ಉಪ್ಪಾ. ನಮ್ಮ ಸಂಘದ ರಕ್ತದಾನ ಶಿಬಿರಕ್ಕೆ ಅವಳನ್ನು ಕರೆದುಕೊಂಡು ಹೋದದ್ದು ನಾನೇ. ಹಿಮೋಗ್ಲೋಬಿನ್ ಕಡಿಮೆ ಎಂದು ಅವಳನ್ನು ಹಿಂದೆ ಕಳಿಸಿದರು. ಆಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ‘ಥಲಸ್ಸೀಮಿಯಾ ವಾಹಕ’ ಎಂದು ಬಂತು, ಅದೊಂದು ರಕ್ತದ ಕಾಯಿಲೆ. ಮದುವೆಗೆ ಮೊದಲು ಏನನ್ನೂ ಮುಚ್ಚಿಡಬಾರದು ಎಂದು ನಾನೇ ವರದಿಯ ಪ್ರತಿಯನ್ನು ಲಾಯಿಲದಲ್ಲಿ ಮದುಮಗ ಅಝೀಮನ ಮನೆಗೆ ಕೊಟ್ಟೆ. ಅದೇ ಸಂಜೆ ಅವನ ದೊಡ್ಡಪ್ಪ ಉಮ್ಮರ್ ಹಾಜಿಯ ಫೋನು: "ಹರಡುವ ಕಾಯಿಲೆಯ ಹುಡುಗಿ ನಮಗೆ ಬೇಡ ಮಾರಾಯ." ಮನೆಯಲ್ಲಿ ಎಲ್ಲರೂ ನನಗೇ ಬೈದರು.

ಶಿಬಿರದ ಕರಪತ್ರಗಳನ್ನೆಲ್ಲ ಕಟ್ಟಿಕೊಂಡು ಲಾಯಿಲಕ್ಕೆ ಹೋದೆ. ಕೊಟ್ಟ ಚಹಾ ಮುಟ್ಟಲಿಲ್ಲ. ಮದುವೆಗೆ ಕರೆಯುವವರ ಪಟ್ಟಿ ಅಲ್ಲೇ ಇತ್ತು. ಅದರ ಹಿಂಬದಿಯಲ್ಲಿ ಹಾಜಿಯವರ ಕೈಯಿಂದಲೇ ಬರೆಸಿದೆ. ಸಾಂಕ್ರಾಮಿಕ ಎಂದರೆ ಒಬ್ಬರಿಂದ ಒಬ್ಬರಿಗೆ ತಗಲುವುದು. ಆನುವಂಶಿಕ ಎಂದರೆ ಹುಟ್ಟುವಾಗಲೇ ಹೆತ್ತವರಿಂದ ಬರುವುದು. ಒಂದೇ ಬಟ್ಟಲಿನಲ್ಲಿ ಉಂಡರೂ ತಗಲದು. ವಾಹಕ ಎಂದರೆ ಆ ಗುಣವನ್ನು ಹೆತ್ತವರಲ್ಲಿ ಒಬ್ಬರಿಂದ ಮಾತ್ರ ಪಡೆದವರು. ಸಾಮಾನ್ಯವಾಗಿ ಅವರು ಆರೋಗ್ಯವಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಾತ್ರ ಮಕ್ಕಳಿಗೆ ದೊಡ್ಡ ಕಾಯಿಲೆಯ ಭಯ. ಹಾಜಿ ಕನ್ನಡಕ ಏರಿಸಿ, "ನೀನು ಎಲ್ಲಿ ಡಾಕ್ಟರಿಕೆ ಕಲಿತದ್ದು?" ಎಂದರು. "ಪಿಯುಸಿ ಫೇಲು. ಸಂಶಯ ಇದ್ದರೆ ನಿಮ್ಮ ಡಾಕ್ಟರನ್ನೇ ಕೇಳಿ" ಎಂದೆ. ಕೇಳಿದರು. ಮರುದಿನವೇ ಅಝೀಮ್ ಬೆಳ್ತಂಗಡಿಗೆ ಹೋಗಿ ತನ್ನ ರಕ್ತ ಪರೀಕ್ಷೆಗೆ ಕೊಟ್ಟ. ನಿನ್ನೆ ವರದಿ ಬಂತು, ಅವನು ವಾಹಕನಲ್ಲ. ಹಾಜಿಯವರೇ ಫೋನ್ ಮಾಡಿ, "ತಾರೀಕು ಅದೇ. ಬಂದವರಿಗೆ ಬಿರಿಯಾನಿಯ ಜೊತೆ ನಿನ್ನ ಕರಪತ್ರವನ್ನೂ ಕೊಡುವ" ಎಂದರು. ನಾವು ಗೆದ್ದೆವು ಉಪ್ಪಾ, ಒಂದೂ ಸುಳ್ಳು ಹೇಳದೆ ಗೆದ್ದೆವು.

ಸಜ್ನಾ ಬೆಳಿಗ್ಗೆಯಿಂದ ಟೈಲರ್ ಅಂಗಡಿಗೆ ಎರಡು ಸಲ ಹೋಗಿ ಬಂದಳು. ಅವಳ ಸಲಾಂ, ಉಮ್ಮನ ಸಲಾಂ. ನಿಮ್ಮ ರೂಮಿನವರಿಗೆಲ್ಲ ನನ್ನದು.

ನಿಮ್ಮ ಮಗ,
ಬಾಸಿತ್

ತಾ.ಕ.: ಪತ್ರ ಒಯ್ಯಲು ನಾಸಿರ್ ಬಂದು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. "ಇದು ತಾಯಿ ಕಡೆಯ ಕೆಟ್ಟ ರಕ್ತ" ಎಂದು ನಿಮ್ಮ ಅಕ್ಕ ಜೈನಬಮ್ಮ ಮೂರು ಮನೆಗೆ ಹೇಳಿ ಬಂದಿದ್ದಾರೆ. ಉಮ್ಮನನ್ನೂ ಪರೀಕ್ಷೆ ಮಾಡಿಸಿದೆ. ಅವರಲ್ಲಿ ಇಲ್ಲ. ಹಾಗಾದರೆ ಸಜ್ನಾಳಿಗೆ ಬಂದದ್ದು ನಿಮ್ಮಿಂದ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಅಕ್ಕನಿಗೆ ನೀವೇ ಫೋನ್ ಮಾಡಿ ಹೇಳಬೇಕು, ಮದುವೆಗೆ ಮೊದಲು. ಅವರನ್ನು ನಮ್ಮ ಮನೆಗೆ ಕರೆಸಿರುತ್ತೇನೆ. ಉಮ್ಮನ ಎದುರು ಸ್ಪೀಕರ್ ಹಾಕುತ್ತೇನೆ.