ಕಮೋಡಿನ ಪಕ್ಕದ ಹಿಡಿಕೆ

ರಾಣೆಬೆನ್ನೂರು
ಮೂರನೆಯ ವೈಶಾಖದ ಅಮಾವಾಸ್ಯೆಯ ಮರುದಿನ, ಕ್ರಿ.ಶ. ೨೧೯೪

ಪೂಜ್ಯ ವಿರೂಪಾಕ್ಷಪ್ಪಜ್ಜನವರಿಗೆ, ನಿಮ್ಮಿಂದ ಆರನೆಯ ತಲೆಮಾರಿನವಳಾಗಿ ನಿಮ್ಮ ಮನೆಯಲ್ಲೇ ಹುಟ್ಟಿ ನಿಮ್ಮ ಮನೆಯಲ್ಲೇ ಮುದುಕಿಯಾದ ಗಿರಿಜವ್ವ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವ ಲಕ್ಷಣ ಕಾಣದಿದ್ದಾಗ ನಮ್ಮ ಹಿರಿಯರು ಪಂಚಾಂಗದಲ್ಲಿ ವೈಶಾಖವನ್ನೇ ಮೂರು ಮಾಡಿಕೊಂಡರು. ಅದರಿಂದ ಸೆಕೆಯೇನೂ ಇಳಿಯಲಿಲ್ಲ. ಜ್ಯೇಷ್ಠ ಬಂದರೂ ಮಳೆಯಿಲ್ಲವಲ್ಲ ಎಂದು ಗೋಳಾಡುವುದು ಮಾತ್ರ ತಪ್ಪಿತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನೀವು ಈಗ ನನ್ನ ಮಗನ ವಯಸ್ಸಿನವರು, ಆದರೂ ನಿಮ್ಮನ್ನು ಅಜ್ಜ ಎನ್ನದೆ ನನಗೆ ಗತಿಯಿಲ್ಲ. ಪತ್ರ ನಿಮ್ಮ ಕೈಗೆ ಹೇಗೆ ಸೇರುತ್ತದೆಂದು ಕೇಳಬೇಡಿ, ನನಗೂ ತಿಳಿಯದು.

ಈ ವಾರ ನಿಮ್ಮ ಮನೆಯಲ್ಲಿ ನಡೆದಿರುವುದು ನಮಗೆಲ್ಲ ಗೊತ್ತು. ಕುಕ್ಕರುಗಾಲಲ್ಲಿ ಕೂರುವ ಹಳೆಯ ಪಾಯಿಖಾನೆಯನ್ನು ಒಡೆಸಿ, ಮೊಣಕಾಲು ನೋವಿನ ನಿಮ್ಮ ತಾಯಿ ಬಸಲಿಂಗವ್ವನವರಿಗಾಗಿ ಕಮೋಡು ಕೂರಿಸುತ್ತಿದ್ದೀರಿ. ಪಕ್ಕದ ಗೋಡೆಗೆ ಉಕ್ಕಿನ ಹಿಡಿಕೆಯೊಂದು ಬೇಕೇ ಬೇಕು ಎಂದು ಮೇಸ್ತ್ರಿಯ ಜೊತೆ ಜಗಳಕ್ಕೆ ನಿಂತಿದ್ದೀರಿ. "ಹೊಸಾ ಟೈಲ್ಸ್ ಒಡೀತಾವ್ರೀ ಸಾವ್ಕಾರ್ರ, ನನ್ನ ಹೆಸರು ಕೆಡತೈತಿ" ಎಂದು ಆತ, "ಒಡೀಲಿ" ಎಂದು ನೀವು. ಕೊನೆಗೆ ನೀವೇ ಡ್ರಿಲ್ ಕಸಿದುಕೊಂಡು ತೂತು ಹೊಡೆದಿರಂತೆ, ಟೈಲ್ಸೂ ಒಡೆಯಿತಂತೆ. ನಮ್ಮ ಮನೆಯ ಮದುವೆಗಳಲ್ಲಿ ಹಂದರದಡಿ ಕೂತವರಿಗೆ ಈ ಕಥೆ ಹೇಳದಿದ್ದರೆ ಊಟ ಸೇರುವುದಿಲ್ಲ. ಆ ಬಿರುಕಿಗೆ ನಾವು ಮಕ್ಕಳು 'ಅಜ್ಜನ ಜಗಳ' ಎಂದೇ ಹೆಸರಿಟ್ಟಿದ್ದೆವು.

ಇನ್ನು ನಮ್ಮ ಕಾಲದ ಸಂಗತಿ. ನದಿ ನಮ್ಮಲ್ಲಿ ಹೆಸರಿಗಷ್ಟೇ ಇದೆ. ಬೆಳಿಗ್ಗೆ ಮನೆಮನೆಗೆ ತಲೆಗಿಷ್ಟು ಎಂದು ಬರುವ ನೀರನ್ನು ಪಾಲುನೀರು ಎನ್ನುತ್ತೇವೆ. ಅದರಲ್ಲೇ ಅಡಿಗೆ, ಕುಡಿಯುವುದು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದು. ಸಂಜೆ ಉಳಿದದ್ದನ್ನು ಒಯ್ದು ಓಣಿಯ ತುದಿಯ ದೊಡ್ಡ ಮಣ್ಣಿನ ಪಾತ್ರೆಗೆ ಸುರಿಯುತ್ತೇವೆ, ಅದು ಓಣಿಹರವಿ. ಬಾಣಂತಿಯರಿಗೆ, ಜ್ವರ ಬಂದವರಿಗೆ ನೀರು ಹೋಗುವುದು ಅಲ್ಲಿಂದ. ಹೆಚ್ಚು ಸುರಿದ ಮನೆಯ ಹೊಸ್ತಿಲಿಗೆ ಸೋಮವಾರ ಓಣಿಯ ಹೆಣ್ಣುಮಕ್ಕಳು ಬಂದು ಅರಿಶಿನ ಕುಂಕುಮ ಹಚ್ಚಿ, ನೀರುಳಿಸಿದವರಿಗೆ ಆರತಿ ಎತ್ತುತ್ತಾರೆ. ಹಿತ್ತಲಿನ ಪಾಯಿಖಾನೆ ಒಣಕೋಣೆ: ಅಲ್ಲಿ ಹನಿ ನೀರಿಲ್ಲ, ಬೂದಿ ಮತ್ತು ಭತ್ತದ ಹೊಟ್ಟು ಉದುರಿಸಿ ಬರುತ್ತೇವೆ, ಕಾಲಾಂತರದಲ್ಲಿ ಅದು ಗೊಬ್ಬರವಾಗುತ್ತದೆ. ಮೂಗು ಮುರಿಯಬೇಡಿ, ನಿಮ್ಮ ಕಾಲದ ಬಸ್ ಸ್ಟ್ಯಾಂಡಿನ ಪಾಯಿಖಾನೆಗಳ ಬಗ್ಗೆ ನಾವೂ ಕೇಳಿದ್ದೇವೆ.

ಓಣಿಯಲ್ಲಿ ನೀರು ಸುರಿಯುವ ಕಮೋಡು ಉಳಿದದ್ದು ನಮ್ಮ ಮನೆಯಲ್ಲೊಂದೇ, ನಿಮ್ಮದೇ ಜಾಗದಲ್ಲಿ. ಕಮೋಡನ್ನು ಎಷ್ಟೋ ಸಲ ಬದಲಿಸಿದ್ದರೂ ಹಿಡಿಕೆ ಮತ್ತು ಬಿರುಕು ನಿಮ್ಮವೇ. ನನ್ನ ತಾಯಿ ಪಾರ್ವತೆವ್ವ ಮಾತ್ರ ಅದನ್ನು ಬಳಸುತ್ತಿದ್ದಳು. ಕಳೆದ ವರ್ಷ ಅದರ ಬುಡ ಸೋರತೊಡಗಿತು. ಅಣ್ಣ ಚಂದ್ರಶೇಖರ ಓಣಿಯ ಹಿರಿಯ. ಊರಿಗೆಲ್ಲ ಬುದ್ಧಿ ಹೇಳುವವನ ಮನೆಯಲ್ಲೇ ನೀರು ಪೋಲಾಗುವುದೆಂದರೆ ಅವನಿಗೆ ತಲೆ ಎತ್ತಿ ತಿರುಗುವುದು ಕಷ್ಟವಾಯಿತು. ಅವ್ವನೂ ಅಡ್ಡಿಯೆನ್ನಲಿಲ್ಲ. "ತಗಸಿಬಿಡ್ರೆಪಾ, ಮಂದಿ ಹನಿಹನಿ ಉಳಸಾಕತ್ತಾರ, ನಾ ಒಬ್ಬಾಕಿ ಸುರುವೂದು ಚಂದಲ್ಲ" ಎಂದಳು. ಕಮೋಡು ಕಿತ್ತರು, ಗೋಡೆ ಒಡೆದರು, ಹಿಡಿಕೆ ಅಟ್ಟ ಸೇರಿತು. ಹಿತ್ತಲಲ್ಲಿ ಅವ್ವನಿಗೂ ಒಣಕೋಣೆಯಾಯಿತು. ಚೊಕ್ಕಟವಾದ, ತಂಪಾದ, ಬೋಳುಗೋಡೆಯ ಕೋಣೆ.

ಆಮೇಲೆ ಅವ್ವ ತನ್ನ ಪಾಲುನೀರು ಉಳಿಸತೊಡಗಿದಳು. ಸಂಜೆಯಾದರೆ ತನ್ನ ತಂಬಿಗೆಯನ್ನು ತಾನೇ ಮುಂದೆ ಸರಿಸುತ್ತಿದ್ದಳು. "ನನಗ ನೀರಡಿಕೀನ ಆಗವಲ್ದು, ಹರವಿಗೆ ಹಾಕ್ರಿ." ನಾವು ಹಿಗ್ಗಿದೆವು. ಸೋಮವಾರಗಳಲ್ಲಿ ನಮ್ಮದೇ ಹೊಸ್ತಿಲು ಹಳದಿಯಾಯಿತು. ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ ಆರತಿ ಎತ್ತಿ ಹಾಡಿದರು. ಅವಳು ನಕ್ಕರೆ ತುಟಿ ಬಿರಿಯುತ್ತಿತ್ತು. ಬಿರಿದ ತುಟಿ ನಮ್ಮೂರಲ್ಲಿ ಯಾರಿಗಿಲ್ಲ? ನಾನು ತುಪ್ಪ ಸವರಿದೆ. ಅಜ್ಜಾ, ಒಳಗೊಳಗೇ ಒಣಗುತ್ತಿದ್ದ ಹೆಂಗಸಿಗೆ ನಾವು ಓಣಿಯೆಲ್ಲ ಸೇರಿ ಆರತಿ ಮಾಡಿದೆವು.

ಒಂದು ಬೆಳಿಗ್ಗೆ ಅವಳು ಹಾಸಿಗೆಯಿಂದ ಏಳಲಿಲ್ಲ. ಡಾಕ್ಟರಮ್ಮ ಬಂದು ನಾಲಿಗೆ ನೋಡಿ, ಮುಂಗೈಯ ಚರ್ಮ ಹಿಡಿದೆತ್ತಿದರೆ ಅದು ಎತ್ತಿದಂತೆಯೇ ನಿಂತಿತು. ನೀರು ಕುಡಿಯುವುದು ಬಿಟ್ಟು ಎಷ್ಟು ಕಾಲವಾಯಿತೆಂದು ಕೇಳಿದಳು. ಅವ್ವ ಪಾಲುನೀರನ್ನು ಹರವಿಗೆ ಕೊಡುತ್ತಾಳೆ ಎಂದು ಶುರುಮಾಡಿದ ಅಣ್ಣ ಅರ್ಧಕ್ಕೇ ನಿಲ್ಲಿಸಿದ. ನಾನು ಅವ್ವನ ಬಾಯಿಯ ಹತ್ತಿರ ಕಿವಿಯಿಟ್ಟೆ. "ಕುಂತರ ಏಳಾಕ ಬರಂಗಿಲ್ಲವಾ. ಹಿಡಕೊಳ್ಳಾಕ ಅಲ್ಲೆ ಏನೂ ಇಲ್ಲ. ದಿನಾ ನಿಮ್ಮನ್ನ ಕರೀಲೇನು? ಅದಕ್ಕ ಕುಡಿಯೂದ ಬಿಟ್ಟೆ."

ಅಣ್ಣ ಅಟ್ಟ ಹತ್ತಿದ. ಅಳುತ್ತಲೇ ಮೊಳೆ ಬಡಿದು ಆ ಮಧ್ಯಾಹ್ನವೇ ಒಣಕೋಣೆಯ ಗೋಡೆಗೆ ಹಿಡಿಕೆ ಕೂರಿಸಿದ. ಅವ್ವನನ್ನು ಎತ್ತಿಕೊಂಡು ಹೋಗಿ ಕೂರಿಸಿದೆವು. ಅವಳ ಕೈ ತಡಕಾಡಿ ಹಿಡಿಕೆಯನ್ನು ಕಂಡುಕೊಂಡಿತು. ನಮ್ಮನ್ನು ಹೊರಗೆ ಹೋಗಿರೆಂದಳು. ಹೋದೆವು. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದು, ಒಂದು ಕೈ ಹಿಡಿಕೆಯ ಮೇಲಿಟ್ಟು, ತಾನೇ ಎದ್ದು ನಿಂತಿದ್ದಳು. "ನೀರ ತಾ" ಎಂದಳು. ತುಂಬಿದ ತಂಬಿಗೆಯನ್ನು ಎತ್ತಿ ಪೂರ್ತಿ ಕುಡಿದಳು. ಅಷ್ಟು ಹೊತ್ತಿಗೆ ಅವಳ ಮೂತ್ರಪಿಂಡಗಳು ಕೈಕೊಟ್ಟಾಗಿತ್ತು. ಸೋಮವಾರ ಆರತಿ ತಟ್ಟೆ ಹಿಡಿದು ಬಂದವರು ಬಾಗಿಲಲ್ಲಿ ಜನ ಸೇರಿದ್ದನ್ನು ನೋಡಿ ದೀಪ ನಂದಿಸಿದರು.

ಈಗ ನಿಮ್ಮ ಮೇಲೆ ನನ್ನದೊಂದು ಸಿಟ್ಟಿದೆ. ಹಿಡಿಕೆ ನಮಗೆ ಬಂತು, ಬಿರುಕು ಬಂತು, ಮೇಸ್ತ್ರಿಯ ಜಗಳ ನಗುನಗುತ್ತ ಬಂತು. ಅಷ್ಟೆಲ್ಲ ಹಟ ಹಿಡಿಯಲು ಕಾರಣವೇನಿತ್ತೆಂಬುದು ಮಾತ್ರ ಬರಲಿಲ್ಲ. ಬಸಲಿಂಗವ್ವನವರೂ ಹೀಗೆಯೇ ಯಾರಿಗೂ ಹೇಳದೆ ನೀರು ಬಿಟ್ಟಿದ್ದರೇನು? ಅದನ್ನು ನೀವು ಕಂಡುಹಿಡಿದಿರೇನು? ಪಾಯಿಖಾನೆಯ ಮಾತು, ಮಕ್ಕಳ ಮುಂದೆ ಏಕೆ ಎಂದು ಮುಚ್ಚಿಟ್ಟಿರಬೇಕು. ನಿಮ್ಮ ನಾಚಿಕೆ ಇಷ್ಟು ದೂರದವರೆಗೆ ಬಂದು ನನ್ನವ್ವನನ್ನು ತೆಗೆದುಕೊಂಡು ಹೋಯಿತು.

ಜಗಳದ ಕಥೆ ಹೇಳಿ ಮಕ್ಕಳನ್ನು ನಗಿಸಿ, ಬೇಡವೆನ್ನುವುದಿಲ್ಲ. ಅವರು ನಕ್ಕು ಮುಗಿಸಿದ ಮೇಲೆ ಉಳಿದದ್ದನ್ನೂ ಹೇಳಿ. ಮೇಸ್ತ್ರಿ ಹೊರಗೆ ಕಾಯುತ್ತಿದ್ದರೆ ಕಾಯಲಿ. ನೀವು ಈಗಲೇ ಒಳಗೆ ಹೋಗಿ, ನಿಮ್ಮ ತಾಯಿ ಇವತ್ತು ನೀರು ಕುಡಿದಿದ್ದಾರೆಯೇ ಎಂದು ಕೇಳಿ. ಕುಡಿದಿದ್ದೇನೆ ಎಂದರೆ ನಂಬಬೇಡಿ. ತಂಬಿಗೆ ನೋಡಿ.

ನಿಮ್ಮ
ಗಿರಿಜವ್ವ